ಇರುವೆ ದಾಟದ ಹೊಸಿಲು

ಐದನೇ ಗುರುವಾರವೂ ಆ ಮನುಷ್ಯ ಗಿರಣಿಯ ಹೊಸಿಲ ಮುಂದೆ ಕುಕ್ಕರಗಾಲಲ್ಲಿ ಕೂತದ್ದನ್ನು ಕಂಡು ರಂಜಿನಿಗೆ ಪಿತ್ತ ನೆತ್ತಿಗೇರಿತು. ಯಂತ್ರದ ಸ್ವಿಚ್ ಆರಿಸಿ, ಸೆರಗಿಗೆ ಕೈ ಒರೆಸಿಕೊಂಡು ಈಚೆ ಬಂದಳು.

“ಏನ್ರೀ, ವಾರವಾರ ಬಂದು ನನ್ನ ಕಾಲು ನೋಡ್ಕೊಂಡು ಕೂತ್ಕೋತೀರಲ್ಲ, ಮನೇಲಿ ಅಕ್ಕತಂಗೀರಿಲ್ವಾ?”

ಅವನು ತಲೆಯೆತ್ತಿದ. ನಲವತ್ತು ದಾಟಿದ ಮುಖ, ಕಿವಿಯ ಮೇಲೆ ಚೂರು ನರೆ, ಕೈಯಲ್ಲಿ ಭೂತಗನ್ನಡಿ.

“ಇರುವೆ ಮೇಡಂ.”

“ಏನು?”

“ಇರುವೆ ಎಣಿಸ್ತಾ ಇದೀನಿ. ಕಾಲು... ಅಡ್ಡ ಬಂತು, ಅಷ್ಟೇ.”

ಹಿಟ್ಟು ಮಾಡಿಸಲು ಬಂದಿದ್ದ ಅಂಜಮ್ಮ ಡಬ್ಬದ ಹಿಂದೆ ಮುಖವಿಟ್ಟು ನಕ್ಕಳು.

ಅವನ ಹೆಸರು ಚನ್ನಕೇಶವ. ಜ್ಞಾನಭಾರತಿ ಕ್ಯಾಂಪಸ್ಸಿನ ಒಂದು ಲ್ಯಾಬಿನಲ್ಲಿ ಫೀಲ್ಡ್ ಅಸಿಸ್ಟೆಂಟ್. ಮೂಡಲಪಾಳ್ಯದ ಹತ್ತು ಕಡೆ ಬೆಲ್ಲದ ನೀರು ಅದ್ದಿದ ಕಾಗದವಿಟ್ಟು, ಕಾಲು ಗಂಟೆಯಲ್ಲಿ ಎಷ್ಟು ಇರುವೆ ಬಂದವೆಂದು ಬರೆದುಕೊಳ್ಳುವುದು ಅವನ ಕೆಲಸ. ಪುಸ್ತಕ ತೆಗೆದು ತೋರಿಸಿದ. ಬೇಕರಿ ಮುಂದೆ ಎಪ್ಪತ್ತು. ಗುಡಿ ಮುಂದೆ ನೂರಾ ನಾಲ್ಕು. ಹಿಟ್ಟಿನ ಗಿರಣಿ ಮುಂದೆ ಐದು ವಾರವೂ ಸೊನ್ನೆ.

“ನನ್ನ ಗಿರಣಿ ಅಷ್ಟು ಕ್ಲೀನು.”

“ಹಿಟ್ಟು ಚೆಲ್ಲೋ ಜಾಗದಲ್ಲಿ ಇರುವೆ ಇಲ್ಲ ಅಂದ್ರೆ ಅದು ಕ್ಲೀನ್ ಅಲ್ಲ ಮೇಡಂ. ಇಲ್ಲಿ ನೋಡಿ.”

ಗೋಡೆಯ ಬುಡದಲ್ಲಿ ಇರುವೆಗಳ ಸಾಲು ನೆಟ್ಟಗೆ ಬರುತ್ತಿತ್ತು. ಹೊಸಿಲಿಗೆ ಒಂದು ಗೇಣು ಇರುವಾಗ, ಅಲ್ಲಿ ಯಾರೋ ಕಾಲು ಚಾಚಿ ಕೂತಿದ್ದಾರೋ ಎಂಬಂತೆ, ಬಳಸಿಕೊಂಡು ಆಚೆ ಹೋಗುತ್ತಿತ್ತು. ಒಂದಾದರೂ ತಪ್ಪಿ ಒಳಕ್ಕೆ ಬರಲಿಲ್ಲ. ಎದುರಿನ ತಂತಿಯ ಮೇಲೆ ಏಳೆಂಟು ಗುಬ್ಬಚ್ಚಿಗಳು ಗಿರಣಿಯ ಕಡೆಗೇ ಮುಖ ಮಾಡಿ ಕೂತಿದ್ದವು. ಕಾಳು ಎರಚಿದರೂ ಇಳಿಯಲಿಲ್ಲ. ರಂಜಿನಿಗೆ ಬೆನ್ನು ಜುಮ್ಮೆಂದಿತು. ತೋರಿಸಿಕೊಳ್ಳಲಿಲ್ಲ.

“ಒಳಗೆ ಬಂದು ಎಣಿಸ್ಕೊಳ್ಳಿ. ಮನುಷ್ಯರನ್ನಾದ್ರೂ ಎಣಿಸಿ.”

ಒಳಗೆ ಮೂಲೆಮೂಲೆಯಲ್ಲಿ ಜೇಡರ ಬಲೆಗಳಿದ್ದವು, ಹಿಟ್ಟು ಕೂತು ಬಟ್ಟೆಯ ಹಾಗೆ ದಪ್ಪವಾಗಿದ್ದವು. ಒಂದರಲ್ಲೂ ಜೇಡವಿರಲಿಲ್ಲ. ಅವನು ಒಂದೊಂದಕ್ಕೂ ಭೂತಗನ್ನಡಿ ಹಿಡಿದು ನೋಡಿದ. ಆಮೇಲೆ ಮೇಜಿನ ಮೇಲಿನ ಹಿಟ್ಟಿನಲ್ಲಿ ಬೆರಳಿನಿಂದ ಬಾಣಗಳನ್ನು ಎಳೆದ. ಕಾಳಿನಿಂದ ಹುಳಕ್ಕೆ, ಹುಳದಿಂದ ಜೇಡಕ್ಕೆ, ಜೇಡದಿಂದ ಹಲ್ಲಿಗೆ, ಇರುವೆಯಿಂದ ಗುಬ್ಬಿಗೆ, ಅಡ್ಡಡ್ಡ, ಸೊಟ್ಟಸೊಟ್ಟ.

“ಬಾಣ ಯಾವಾಗಲೂ ತಿನ್ನೋರ ಕಡೆಗೆ. ಒಂದು ಎಳೆ ಕಿತ್ರೆ ತೊಂದರೆ ಇಲ್ಲ, ಬೇರೆ ಎಳೆ ಹಿಡ್ಕೊಳ್ಳತ್ತೆ. ಇಲ್ಲಿ ಎಲ್ಲಾ ಒಂದೇ ಸಲ ಹೋಗಿದೆ. ನಿಮ್ಮ ಕಡಲೆ ಎಲ್ಲಿಂದ ಬರತ್ತೆ?”

“ಮಂಡಿಯಿಂದ. ಅವರಿಗೆ ಆಸ್ಟ್ರೇಲಿಯಾದಿಂದಂತೆ, ಹಡಗಲ್ಲಿ.”

ಅವನು ಒಂದು ಗೆರೆಯನ್ನು ಮೇಜಿನ ಅಂಚಿನವರೆಗೂ ಎಳೆದು ಬಿಟ್ಟ. ಮುಂದೆ ಹಿಟ್ಟಿರಲಿಲ್ಲ.

“ಇದ್ರಲ್ಲಿ ನೀವೆಲ್ಲಿದೀರಾ?” ರಂಜಿನಿ ಕೇಳಿದಳು.

“ಎಣಿಸೋನು ಚಿತ್ರದಲ್ಲಿ ಇರಲ್ಲ ಮೇಡಂ.”

“ಊಟ ಮಾಡಲ್ವಾ?”

“ಮೆಸ್ಸಲ್ಲಿ.” ಅವನು ಅಂದದ್ದು ಅಷ್ಟೇ. ಆದರೆ ಆ ಮಾತನ್ನು ಹೇಳುವಾಗ ಅವಳ ಕಣ್ಣಿಗೆ ಸಿಕ್ಕಿಬಿದ್ದ, ಬಿಡಿಸಿಕೊಳ್ಳಲು ಒಂದು ಗಳಿಗೆ ಹಿಡಿಯಿತು.

ಅಷ್ಟರಲ್ಲಿ ಕರೆಂಟ್ ಹೋಯಿತು. ಫ್ಯಾನ್ ನಿಂತಿತು. ಮಧ್ಯಾಹ್ನದ ಹೊತ್ತಿನಲ್ಲೂ ಗಿರಣಿ ಬಾವಿಯೊಳಗಿನ ಹಾಗೆ ಮೌನವಾಯಿತು. ಆಗ ಆ ವಾಸನೆ ಎದ್ದಿತು. ಬೆಳ್ಳುಳ್ಳಿ.

“ಬಂದ ಚಿಕ್ಕಹನುಮಯ್ಯ,” ಎನ್ನುತ್ತಾ ಅಂಜಮ್ಮ ಡಬ್ಬ ಎತ್ತಿಕೊಂಡು, ಚಪ್ಪಲಿ ಮೆಟ್ಟುವುದಕ್ಕೂ ನಿಲ್ಲದೆ ಹೊರಟುಹೋದಳು.

ಚಿಕ್ಕಹನುಮಯ್ಯ ರಂಜಿನಿಯ ಅಪ್ಪ. ಈ ಗಿರಣಿ ಹಾಕಿದವರು. ಮಂಡಿನೋವಿಗೆಂದು ದಿನವೂ ಸುಟ್ಟ ಬೆಳ್ಳುಳ್ಳಿ ಜಗಿಯುತ್ತಿದ್ದರು. ತೀರಿಕೊಂಡು ಎಂಟು ತಿಂಗಳು. ಮಳೆ ಹಿಡಿದಾಗಿನಿಂದ, ಯಂತ್ರ, ಫ್ಯಾನ್ ಎರಡೂ ನಿಂತಾಗಲೆಲ್ಲ ಅವರ ವಾಸನೆ ಬರುತ್ತಿತ್ತು. ಗಿರಾಕಿಗಳು ಗಾಳಿ ಎಂದರು, ಅರ್ಧಕ್ಕರ್ಧ ಕಡಿಮೆಯಾದರು. ರಂಜಿನಿಗೆ ಭಯವಾಗಲಿಲ್ಲ. ಕಿಟಕಿ ಮುಚ್ಚಿಕೊಂಡು ಆ ವಾಸನೆಯ ಜೊತೆ ಕೂರುತ್ತಿದ್ದಳು. ತಲೆ ಸಿಡಿಯುತ್ತಿತ್ತು, ಹೊಟ್ಟೆ ತೊಳಸುತ್ತಿತ್ತು. ಅತ್ತದ್ದರಿಂದ ಎಂದುಕೊಂಡಿದ್ದಳು.

“ಅಪ್ಪ ಇದಾರೆ,” ಎಂದಳು ಮೆಲ್ಲಗೆ. “ಅವರಿರೋ ಕಡೆ ಹುಳಹುಪ್ಪಟೆ ಬರಲ್ಲ. ಅಷ್ಟೇ ವಿಷಯ.”

ಚನ್ನಕೇಶವನ ಮುಖದ ಬಣ್ಣ ಇಳಿದಿತ್ತು. “ಕಡಲೆ ಮೂಟೆ ಜೊತೆ ಬಟ್ಟೆ ಪೊಟ್ಟಣ ಬರತ್ತಾ? ಹುಳ ಹಿಡೀಬಾರದು ಅಂತ ಇಡೋ ಗುಳಿಗೆ?”

“ಬರತ್ತೆ.”

“ಏನ್ ಮಾಡ್ತೀರಾ ಅದನ್ನ?”

“ಕಸಕ್ಕೆ ಹಾಕಿದ್ರೆ ಬೀದಿ ಹಸು ತಿನ್ನಲ್ವೇನ್ರೀ? ಅಷ್ಟೂ ಬುದ್ಧಿ ಇಲ್ವಾ ನಂಗೆ? ಹಗೇವಿಗೆ ಹಾಕಿ ಕಲ್ಲು ಮುಚ್ಚಿದೀನಿ.”

ಅಜ್ಜನ ಕಾಲದಲ್ಲಿ ಇದು ಹಳ್ಳಿ, ಇಲ್ಲಿದ್ದದ್ದು ಅವರ ಮನೆ. ನೆಲದೊಳಗೆ ರಾಗಿ ತುಂಬಿಡುವ ಆ ಗುಂಡಿಯ ಮೇಲೆಯೇ ಅಪ್ಪ ಗಿರಣಿ ಕಟ್ಟಿದ್ದರು. ಮುಚ್ಚುಕಲ್ಲು ಅವಳ ಕುರ್ಚಿಯ ಪಕ್ಕದಲ್ಲೇ ಇತ್ತು.

ಅವನು ಅವಳ ಮುಂಗೈ ಹಿಡಿದು ಎಳೆದ. ರಸ್ತೆಗೆ ಬರುವವರೆಗೂ ಬಿಡಲಿಲ್ಲ. ಅಂಜಮ್ಮ ಎದುರು ಜಗಲಿಯಿಂದ ಕಣ್ಣರಳಿಸಿದಳು.

“ಕೈ ಬಿಡ್ರೀ! ಏನಂದ್ಕೊಂಡಿದೀರಾ?”

“ತೇವ ತಾಕಿದ್ರೆ ಆ ಗುಳಿಗೆ ವಿಷಗಾಳಿ ಬಿಡತ್ತೆ. ಬೆಳ್ಳುಳ್ಳಿ ಥರಾನೇ ವಾಸನೆ. ಅದು ನಿಮ್ಮಪ್ಪ ಅಲ್ಲ ರಂಜಿನಿಯವರೇ.”

ಅವಳ ಹೆಸರನ್ನು ಅವನು ಹೇಳಿದ್ದು ಅದೇ ಮೊದಲು. ಹೇಳಬಾರದ ಮಾತಿನ ಜೊತೆ ಹೇಳಿದ್ದ.

“ನಮ್ಮಪ್ಪನ್ನ ವಿಷ ಅಂತೀರಾ? ಹಗೇವಿನ ವಿಚಾರ ನಂಗೆ ಹೇಳ್ಕೊಡಬೇಡಿ. ದೀಪ ಇಳಿಸಿ ನೋಡ್ತೀನಿ. ಆರಿದ್ರೆ ಕೆಟ್ಟ ಗಾಳಿ, ಉರಿದ್ರೆ ಒಳ್ಳೇದು. ಅಪ್ಪ ಹಂಗೇ ನೋಡ್ತಿದ್ದಿದ್ದು.”

“ಇದು ದೀಪ ಆರಿಸೋ ಗಾಳಿ ಅಲ್ಲ. ಹತ್ಕೊಂಡು ಸಿಡಿಯೋದು.”

ಅವಳು ಕೇಳಲಿಲ್ಲ. ದಡದಡ ಒಳಗೆ ಹೋಗಿ ದೇವರ ಗೂಡಿನಿಂದ ದೀಪ, ಬೆಂಕಿಪೊಟ್ಟಣ ತೆಗೆದು ತಿರುಗಿದಳು. ಅವನು ಮುಚ್ಚುಕಲ್ಲಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದ.

“ಏಳಿ.”

“ಏಳಲ್ಲ.”

“ವಿಷ ಅಂದ್ರಲ್ಲ, ಮತ್ತೆ ಯಾಕೆ ಕೂತಿದೀರಾ ಅದರ ಮೇಲೆ?”

“ನೀವು ಹೊರಗೆ ಹೋಗಿ, ಏಳ್ತೀನಿ. ನೀವಿರೋ ತನಕ ನಾನೂ ಇರ್ತೀನಿ.”

ಬೆಳ್ಳುಳ್ಳಿಯ ವಾಸನೆ ಅವನ ಸುತ್ತ ದಟ್ಟವಾಗಿತ್ತು. ಮಾಲಿಕನಿಲ್ಲದ ಬಿಳಿಯ ಬಲೆಗಳು ಅವನ ತಲೆಯ ಮೇಲೆ ಗಾಳಿಯಿಲ್ಲದೆಯೂ ಒಂದಿಷ್ಟು ಆಡಿದವು. ಅವನು ಕೆಮ್ಮಿದ. ಮತ್ತೆ ಕೆಮ್ಮಿದ. ಬೆರಳುಗಳು ಕಲ್ಲಿನ ಅಂಚನ್ನು ಬಿಗಿಯಾಗಿ ಹಿಡಿದಿದ್ದವು. ಆದರೂ ಕಣ್ಣು ಅವಳ ಮೇಲಿಂದ ಕದಲಲಿಲ್ಲ.

ರಂಜಿನಿ ಆ ಬೆರಳುಗಳನ್ನೇ ನೋಡಿದಳು. ಸತ್ತ ಅಪ್ಪನ ವಾಸನೆ ಒಂದು ಕಡೆ, ಬದುಕಿರುವ ಈ ಮೊಂಡನ ಉಸಿರು ಒಂದು ಕಡೆ. ಬೆಂಕಿಪೊಟ್ಟಣ ಕೈಯಿಂದ ಜಾರಿತು.

“ಹೋಗ್ತೀನಪ್ಪ,” ಎಂದಳು. ಅವನಿಗೆ ಹೇಳಿದಳೋ, ಆ ವಾಸನೆಗೆ ಹೇಳಿದಳೋ ಅವಳಿಗೇ ಗೊತ್ತಾಗಲಿಲ್ಲ. ಈ ಸಲ ಅವಳೇ ಅವನ ಮುಂಗೈ ಹಿಡಿದು ಎಬ್ಬಿಸಿ ಹೊರಟಳು.

ಅವನು ಫೋನ್ ಮಾಡಿದ್ದಕ್ಕೆ ಮುಖವಾಡ ಹಾಕಿಕೊಂಡು ಬಂದ ಅಗ್ನಿಶಾಮಕ ದಳದವರು ಬೀದಿ ಖಾಲಿ ಮಾಡಿಸಿ ಕಲ್ಲು ಸರಿಸಿದರು. ಇನ್ನೊಂದು ವಾರ ಕಿಟಕಿ ಮುಚ್ಚಿಕೊಂಡು ಕೂತಿದ್ದರೆ ನೀವು ಏಳುತ್ತಿರಲಿಲ್ಲಮ್ಮ ಎಂದರು. ಗಿರಣಿ ಮೂರು ವಾರ ಬಾಗಿಲು ತೆರೆದುಕೊಂಡು ಬಿದ್ದಿತ್ತು. ಬೆಳ್ಳುಳ್ಳಿ ಹೋಯಿತು. ಅಪ್ಪ ಎರಡನೇ ಸಲ ಹೋದರು. ಈ ಸಲ ರಂಜಿನಿ ಚೆನ್ನಾಗಿ ಅತ್ತಳು. ತಲೆ ನೋಯಲಿಲ್ಲ.

ಪ್ರತಿ ಗುರುವಾರ ಚನ್ನಕೇಶವ ಬಂದ. ಕಾಗದ ಇಟ್ಟ. ಇಬ್ಬರೂ ಮೆಟ್ಟಿಲ ಮೇಲೆ ಕೂತು ಕಾದರು. ಸೊನ್ನೆ. ಮತ್ತೆ ಸೊನ್ನೆ. ನಾಲ್ಕನೇ ಗುರುವಾರ ಸಾಲಿನಿಂದ ಒಂದು ಇರುವೆ ಬೇರೆಯಾಯಿತು. ಹೊಸಿಲ ಬಳಿ ನಿಂತು ಮೀಸೆ ಆಡಿಸಿತು. ಇಬ್ಬರೂ ಉಸಿರು ಬಿಗಿಹಿಡಿದರು. ಅದು ಹತ್ತಿ, ಇಳಿದು, ಒಳಗೆ ಹೋಯಿತು.

“ಒಂದು,” ಎಂದ ಅವನು. ತೋಳಿಗೆ ಕಣ್ಣೊರೆಸಿಕೊಂಡ.

“ಬರ್ಕೊಳ್ರೀ, ಅಳ್ತಾ ಕೂರಬೇಡಿ.” ಅವಳು ಎದ್ದು ಒಳಗೆ ಹೋದಳು.

ಅವನು ಬರೆದುಕೊಳ್ಳುತ್ತಿದ್ದಾಗ ಬೆನ್ನ ಹಿಂದಿನಿಂದ ಬೆಳ್ಳುಳ್ಳಿ ವಾಸನೆ ಬಂತು. ಪೆನ್ನು ಬಿಸಾಕಿ ಎದ್ದು ಒಳಕ್ಕೆ ನುಗ್ಗಿದ.

“ರಂಜಿನಿ! ಹೊರಗೆ ಬಾ!”

ಅವಳು ಮೇಜಿನ ಬಳಿ ನಿಂತಿದ್ದಳು. ಮುಂದೆ ಕ್ಯಾರಿಯರ್ ತೆರೆದಿತ್ತು. ಮುದ್ದೆ, ಬೆಳ್ಳುಳ್ಳಿ ಒಗ್ಗರಣೆ ಹಾಕಿದ ಬಸ್ಸಾರು. ಪಕ್ಕದಲ್ಲಿ ಹಿಟ್ಟಿನ ಮೇಲೆ ಒಂದೇ ಒಂದು ಬಾಣ ಬರೆದಿತ್ತು, ಅವನು ನಿಂತ ಕಡೆಗೆ.

“ಇದು ಅಪ್ಪನೂ ಅಲ್ಲ, ವಿಷಾನೂ ಅಲ್ಲ,” ಎಂದಳು. “ಬೆಳಿಗ್ಗೆ ಐದಕ್ಕೆ ಎದ್ದು ನಿಮಗೆ ಅಂತ ಮಾಡಿದ್ದು. ಇನ್ಮೇಲೆ ಮೆಸ್ಸು ಬಿಡಿ.”

ಅವನು ಬಾಣವನ್ನು ನೋಡಿದ, ಅವಳನ್ನು ನೋಡಿದ. ಬಾಣದ ಬುಡದಲ್ಲಿ ಬೆರಳಿಟ್ಟು ಅವಳ ಕಡೆಗೂ ಒಂದು ಮೊನೆ ಬರೆದ.

“ಬಾಣ ಯಾವಾಗಲೂ ತಿನ್ನೋರ ಕಡೆಗೆ ಅಂದಿದ್ರಿ,” ಎಂದಳು.

“ಇಲ್ಲಿ ಪರವಾಗಿಲ್ಲ.”

ಮುದ್ದೆಯಿಂದ ಒಂದು ಚಿಟಿಕೆ ಮುರಿದು ಅವನು ಮೊದಲು ನೆಲಕ್ಕೆ, ಆ ಒಂಟಿ ಇರುವೆಯ ಮುಂದೆ ಇಟ್ಟ. ಆಮೇಲೆ ಕೂತು ಉಂಡ. ರಂಜಿನಿ ಎದುರು ಕೂತು, ಒಂದೊಂದು ತುತ್ತೂ ಇಳಿಯುವುದನ್ನು ನೋಡಿದಳು.