ಹನ್ನೆರಡು ಗಂಟಿನ ಹಗ್ಗ

"ಇದಕ್ಕೆ ಏನೂ ಕಟ್ಟಬೇಡಿ ಮೇಡಂ. ಬಸುರಿಯ ಹೆಸರು ಬಾಯಲ್ಲಿ ಇಟ್ಕೊಂಡಂತೂ ಕಟ್ಟಲೇಬೇಡಿ," ಎಂದಳು ಕಸ ಗುಡಿಸುವ ಅಜ್ಜಿ.

ಕ್ಯುರೇಟರ್ ನಕ್ಕಳು. ಮುಚ್ಚಿಹೋಗಿದ್ದ ಹೆರಿಗೆ ಆಸ್ಪತ್ರೆಯಲ್ಲಿ ಹೆಂಗಸರ ಚರಿತ್ರೆಯ ಮ್ಯೂಸಿಯಂ ತೆರೆಯಲು ಅವಳು ಬಂದು ತಿಂಗಳಾಗಿತ್ತು. ಉದ್ಘಾಟನೆಗೆ ಮೂರೇ ದಿನ. ಎರಡು ಸಲ ಬಣ್ಣ ಬಳಿದರೂ ಗೋಡೆಗಳಿಂದ ಫಿನಾಯಿಲಿನ, ಹಳೆಯ ರಕ್ತದ ವಾಸನೆ ಹೋಗಿರಲಿಲ್ಲ.

ಮೇಜಿನ ಮೇಲೆ ಅಜ್ಜಿ ತಂದಿಟ್ಟ ಒಂದು ಮೊಳದ ಕಪ್ಪು ಹಗ್ಗ. ಹೆಂಗಸರ ಕೂದಲಿನಿಂದ ಹೊಸೆದದ್ದು. ಹನ್ನೆರಡು ಗಂಟು. ಅಜ್ಜಿಯ ಅಜ್ಜಿ ಸೂಲಗಿತ್ತಿ. ಹೆರಿಗೆ ಮಾಡಿಸಲು ಕರೆಯುತ್ತಿದ್ದವರೇ ಹೆರಿಗೆ ನಿಲ್ಲಿಸಲೂ ಅವಳನ್ನು ಕರೆಯುತ್ತಿದ್ದರಂತೆ. ಸವತಿಯೋ ಓರಗಿತ್ತಿಯೋ ಬಂದು ಬಸುರಿಯ ಹೆಸರು ಹೇಳುವುದು, ಇವಳು ಒಂದು ಗಂಟು ಹಾಕುವುದು. ನೋವು ಅಲ್ಲಿಗೇ ನಿಲ್ಲುತ್ತಿತ್ತು. ಮಗು ಒಳಗೇ ಉಳಿಯುತ್ತಿತ್ತು.

"ಹನ್ನೆರಡು ಜನರ ನೋವು ಇದರೊಳಗೇ ಇದೆ. ಸುಡೋಕೆ ಧೈರ್ಯ ಇಲ್ಲ, ಮನೇಲಿ ಇಟ್ಕೊಳ್ಳೋಕೂ ಆಗಲ್ಲ. ಗಾಜಿನೊಳಗಿಟ್ಟು ಬೀಗ ಹಾಕಿಬಿಡಿ."

"ನಂಬರ್ ಚೀಟಿ ಕಟ್ಟದೆ ಇಲ್ಲಿ ಒಂದು ಪೊರಕೆಯೂ ಒಳಗೆ ಬರಲ್ಲ ಅಜ್ಜಿ. ಜಾಸ್ತಿ ಮಾತಾಡಿದ್ರೆ ನಿಮಗೂ ಒಂದು ಕಟ್ತೀನಿ."

ಅಜ್ಜಿ ನಗಲಿಲ್ಲ. ಬಕೆಟ್ ಎತ್ತಿಕೊಂಡು ಹೋದಳು.

ಆಗಲೇ ತಂಗಿಯ ಫೋನು ಬಂತು. ಚೊಚ್ಚಲ ಬಸುರಿ, ಬೆಳಿಗ್ಗೆಯಷ್ಟೇ ಆಸ್ಪತ್ರೆ ಸೇರಿದ್ದಳು. "ಅಕ್ಕಾ, ನೋವು ಶುರುವಾಯ್ತು ಕಣೇ. ನಿನ್ನ ಮ್ಯೂಸಿಯಂ ಹಾಳಾಗಿ ಹೋಗ್ಲಿ, ಬೇಗ ಬಾರೇ."

ಕ್ಯುರೇಟರ್ ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡಳು. ಕೈ ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು. "ಬಂದೆ ಪುಟ್ಟೀ, ಇದೊಂದು ಮುಗಿಸಿ ಬಂದೆ," ಎನ್ನುತ್ತ ಚೀಟಿಯ ದಾರವನ್ನು ಹಗ್ಗಕ್ಕೆ ಬಿಗಿದಳು.

ತಂಗಿಯ ನರಳಿಕೆ ಥಟ್ಟನೆ ನಿಂತಿತು. "ಅರೆ, ನೋವು ನಿಂತೇಹೋಯ್ತು."

ಕ್ಯುರೇಟರ್ ಅರ್ಧ ಗಂಟೆಯಲ್ಲಿ ಮೇಜಿನ ಮೇಲಿನ ಉಳಿದ ಸಾಮಾನು ಎತ್ತಿಟ್ಟು ಮೆಟ್ಟಿಲು ಇಳಿಯುವಷ್ಟರಲ್ಲಿ ತಂಗಿಯ ಗಂಡನ ಫೋನು. ಅವನು ಅಳುತ್ತಿದ್ದ. "ಅಕ್ಕಾ, ಮಗುವಿನ ಎದೆಬಡಿತ ಇಳೀತಿದೆ. ಆಪರೇಷನ್ ಮಾಡೋಣ ಅಂದ್ರೆ ಹೊಟ್ಟೆ ಕಲ್ಲಾಗಿದೆಯಂತೆ. ಬ್ಲೇಡೇ ಇಳೀತಿಲ್ಲವಂತೆ!"

ಅವಳು ಮರಳಿ ಓಡಿದಳು. ಚೀಟಿ ನೆಲದ ಮೇಲೆ ಬಿದ್ದಿತ್ತು. ದಾರ ಇರಲಿಲ್ಲ. ಹಗ್ಗದಲ್ಲಿ ಹದಿಮೂರು ಗಂಟು. ಎಲ್ಲವೂ ಕಪ್ಪು. ಎಲ್ಲವೂ ಒಂದೇ ಥರ. ಅವಳು ಕತ್ತರಿಗೆ ಕೈಹಾಕಿದಳು.

"ಕತ್ತರಿಸಬೇಡ! ತಾಯಿ ಉಳಿಯಲ್ಲ," ಬಾಗಿಲಲ್ಲಿ ಅಜ್ಜಿ ಕೂಗಿದಳು. "ಬಿಚ್ಚು. ನೀನು ಹಾಕಿದ್ದನ್ನ ಮಾತ್ರ ಬಿಚ್ಚು."

"ಯಾವುದು ಅಂತ ಗೊತ್ತಾಗ್ತಿಲ್ಲ! ಬೇರೆಯದು ಬಿಚ್ಚಿದ್ರೆ?"

ಅಜ್ಜಿ ಒಳಗೆ ಬಂದು ಅಗುಳಿ ಹಾಕಿದಳು.

ಮೊದಲ ಗಂಟು. ಉಗುರು ಕಿತ್ತುಬಂತು. ಬಿಸಿ ರಕ್ತದ ವಾಸನೆ ಎದ್ದಿತು. ಫೋನಿನಲ್ಲಿ ಇನ್ನೂ ತಂಗಿಯ ಗಂಡನ ಅಳುವೇ. ಎರಡನೆಯದು. ಪಕ್ಕದ ಖಾಲಿ ಕೋಣೆಯಲ್ಲಿ ಯಾರೋ ಹಲ್ಲು ಕಚ್ಚಿ ನರಳಿದರು. ಮೂರನೆಯದಕ್ಕೆ ಹಲ್ಲು ಹಾಕಿದಳು. ಎಳೆದಳು. ಬಾಯ್ತುಂಬ ಕೂದಲು. ಬಿಚ್ಚಿತು.

ಫೋನಿನಲ್ಲಿ ಮಗು ಕಿರುಚಿತು. "ಹೆಣ್ಣು! ಅಕ್ಕಾ, ಇಬ್ಬರೂ ಚೆನ್ನಾಗಿದ್ದಾರೆ!"

ಅವಳು ನಗುತ್ತ ಏಳಲು ಹೋದಳು. ಆಗಲಿಲ್ಲ. ಹೊಟ್ಟೆ ಬಿಗಿಯಿತು. ಕಲ್ಲಾಯಿತು. ಮದುವೆಯೂ ಆಗದವಳ ಹೊಟ್ಟೆಯೊಳಗೆ ಏನೋ ಹೊರಳಿತು. ಒರೆಸಿದ ನೆಲದ ಮೇಲೆ ನೀರು ಹರಿಯಿತು. ಬಾಯಿಂದ ಕೂಗು ಹೊರಟಿತು. ಅವಳ ದನಿಯಲ್ಲ. ಯಾರದೋ. ತುಂಬ ಹಳೆಯದು.

ಅಜ್ಜಿ ನೆಲ ಒರೆಸುವ ಬಟ್ಟೆಯನ್ನು ಅವಳ ಕೆಳಗೆ ಹಾಸಿದಳು.

"ಉಸಿರು ಕಟ್ಟಬೇಡ ಮಗಳೇ. ಮೂರು ಬಿಚ್ಚಿದ್ದೀಯ. ಒಂದನ್ನ ನಿನ್ನ ತಂಗಿ ಹೆತ್ತಳು. ಇನ್ನೆರಡು ನೀನೇ ಹೆರಬೇಕು."