ಆರು ಬೋಲ್ಟು, ಆರು ಹಳದಿ ಚುಕ್ಕೆ

ಬೆಳಗ್ಗೆ ಏಳೂಕಾಲಿಗೆ ನಾನು ಹೋದಾಗ ಏರುರಸ್ತೆಯ ತುಂಬ ಬಟ್ಟೆಗಳು ಬಿದ್ದಿದ್ದವು. ಅಂಗಿ, ಪ್ಯಾಂಟು, ಯಾರದೋ ಮಗುವಿನ ಫ್ರಾಕು. ಎಲ್ಲಕ್ಕೂ ಆಗಷ್ಟೇ ಇಸ್ತ್ರಿ ಆಗಿತ್ತು. ಅವುಗಳ ನಡುವೆ ನನ್ನದೇ ಯೂನಿಫಾರಂ. ಅದರ ತೋಳಿನ ಮೇಲೆ ಟೈರಿನ ಗುರುತು.

ಬಟ್ಟೆ ತಲುಪಿಸಲು ಹೊರಟಿದ್ದ ಇಸ್ತ್ರಿಯವನು ಚರಂಡಿಯ ಅಂಚಿನಲ್ಲಿ ಬಿದ್ದಿದ್ದ. ಎಡತೊಡೆ ಮುರಿದಿತ್ತು. ಪ್ರಜ್ಞೆ ಇರಲಿಲ್ಲ. ಸೈಕಲ್ಲಿನ ಹಿಂದಿನ ಚಕ್ರ ಎಂಟರ ಆಕಾರಕ್ಕೆ ಬಗ್ಗಿತ್ತು. ಗುದ್ದಿದ ಕಾರು ನಿಲ್ಲದೆ ಹೋಗಿತ್ತು.

ಠಾಣೆಗೆ ಸಬ್ ಇನ್ಸ್‌ಪೆಕ್ಟರ್ ಆಗಿ ಬಂದು ನನಗಿನ್ನೂ ಮೂರು ತಿಂಗಳು. ಇದು ನಾನು ಒಬ್ಬಳೇ ಹೊತ್ತ ಮೊದಲ ಕೇಸು. ಬೇಗ ಮುಗಿಸಿ ಹೆಸರು ಮಾಡಬೇಕೆಂಬ ಚಪಲ ನನಗಿತ್ತು. ಇಲ್ಲವೆಂದರೆ ನಾಲಿಗೆ ಬಿದ್ದೀತು.

ಸಾಕ್ಷಿ ಒಬ್ಬರೇ. ಮಹಡಿಯ ಮೇಲೆ ಗಿಡಕ್ಕೆ ನೀರು ಹಾಕುತ್ತಿದ್ದ ಅಜ್ಜಿ.

"ಬಿಳಿ ಕಾರಮ್ಮ. ಮೇಲಿಂದ ನನಗೆ ತಲೆ ಮಾತ್ರ ಕಾಣ್ತು. ಸಾಮಾನು ಕಟ್ತಾರಲ್ಲ, ಆ ಕಂಬಿ ಇತ್ತು."

"ನಂಬರ್?"

"ತಲೆ ಮೇಲೆ ನಂಬರ್ ಬರೆಸಿರ್ತಾರಾ?"

ಪೇದೆ ನಕ್ಕ. ನಾನು ನಗಲಿಲ್ಲ.

ಆ ಭಾಗದಲ್ಲಿ ಕ್ಯಾರಿಯರ್ ಇದ್ದ ಬಿಳಿ ಕಾರು ಎರಡೇ. ಒಂದು ಟ್ಯಾಕ್ಸಿ. ಅದರ ಚಾಲಕನಿಗೆ ಎಲ್ಲರೂ ಮೌನಿ ಎನ್ನುತ್ತಾರೆ, ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು. ಇನ್ನೊಂದು, ನಿವೃತ್ತ ಗಣಿತ ಮೇಡಂ ಅವರದು. ಆ ಕಾರು ಹಿಂದಿನ ದಿನ ಬೆಳಗ್ಗೆಯಿಂದ ಗ್ಯಾರೇಜಿನಲ್ಲಿತ್ತು.

ಗ್ಯಾರೇಜು ನನ್ನ ಅಣ್ಣನದು.

*

ಮೌನಿ ಸ್ಟ್ಯಾಂಡಿನಲ್ಲಿ ಕಾರು ತೊಳೆಯುತ್ತಿದ್ದ. ಮುಂದಿನ ಬಂಪರಿನಲ್ಲಿ ಹಳೆಯದೋ ಹೊಸದೋ ತಿಳಿಯದ ಗೀರು.

"ಬೆಳಗ್ಗೆ ಏಳಕ್ಕೆ ಎಲ್ಲಿದ್ದೆ?"

"ಮನೇಲಿ."

"ಆರಕ್ಕೇ ಕಾರು ತಗೊಂಡು ಹೋದೆ ಅಂತ ನಿನ್ನ ಪಕ್ಕದ ಮನೆಯವರು ಹೇಳಿದ್ರು."

ಅವನ ಕೈಯಲ್ಲಿದ್ದ ಬಟ್ಟೆ ಬಕೆಟ್ಟಿಗೆ ಬಿತ್ತು. "ಮನೇಲೇ ಇದ್ದೆ," ಎಂದ ಮತ್ತೆ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬಂತಾಯಿತು. ನನಗೆ ಅಷ್ಟೇ ಸಾಕಾಗಿತ್ತು. ಆದರೂ ಇನ್ನೊಂದು ಕಾರನ್ನು ಪಟ್ಟಿಯಿಂದ ತೆಗೆಯದೆ ಯಾರನ್ನೂ ಎಳೆಯುವಂತಿರಲಿಲ್ಲ. ಸಂಜೆ ನಾಲ್ಕಕ್ಕೆ ಗ್ಯಾರೇಜಿಗೆ ಹೋದೆ.

ಅಣ್ಣ ಬೆಂಚಿನ ಮೇಲೆ ಕೂತಿದ್ದ. ಉಳಿದ ದಿನಗಳಲ್ಲಿ ನನ್ನನ್ನು ಕಂಡರೆ, "ಬಂದ್ಲು ನೋಡ್ರಪ್ಪ, ಸರ್ಕಾರ!" ಎಂದು ಕೂಗುತ್ತಿದ್ದವನು ಅಂದು ಎದ್ದು ನಿಂತ.

"ಮೇಡಂ ಕಾರಿಗೆ ಏನಾಗಿದೆ ಅಣ್ಣ?"

"ಕ್ಲಚ್ ಹೋಗಿದೆ. ಎಂಜಿನ್ ಕೂಗುತ್ತೆ, ಗಾಡಿ ಹೋಗಲ್ಲ."

"ಬಿಚ್ಚಿದ್ದೀಯಾ?"

"ಇಲ್ಲ. ಸಾಮಾನು ಬರಬೇಕು. ಹದಿನಾಲ್ಕು ವರ್ಷದ ಗಾಡಿ. ಕಂಪನಿಯಿಂದ ಬಂದ ಕ್ಲಚ್ಚು, ಇದುವರೆಗೆ ಯಾರೂ ಮುಟ್ಟಿಲ್ಲ."

ಪರೀಕ್ಷೆ ಮಾಡುವುದು ನನಗೆ ಗೊತ್ತು. ಅಪ್ಪ ಅಮ್ಮ ಹೋದಮೇಲೆ ನಾನು ಬೆಳೆದದ್ದು ಈ ಗ್ಯಾರೇಜಿನ ಗ್ರೀಸಿನ ವಾಸನೆಯಲ್ಲೇ. ಅಣ್ಣ ಕಾರಿನ ಕೆಳಗೆ ಮಲಗುತ್ತಿದ್ದ, ನಾನು ಲೈಟು ಹಿಡಿಯುತ್ತಿದ್ದೆ. ಬಂಪರಿನ ತುಂಬ ಹಳೆಯ ಗೀರುಗಳೇ ಇದ್ದವು. ಕಾರಿನಲ್ಲಿ ಕೂತೆ. ಹ್ಯಾಂಡ್‌ಬ್ರೇಕ್ ಬಿಗಿಯಾಗಿ ಎಳೆದೆ. ನಾಲ್ಕನೇ ಗೇರಿಗೆ ಹಾಕಿ, ಸ್ವಲ್ಪ ಆಕ್ಸಿಲರೇಟರ್ ಕೊಟ್ಟು, ಕ್ಲಚ್ ನಿಧಾನವಾಗಿ ಬಿಟ್ಟೆ. ಕ್ಲಚ್ ಚೆನ್ನಾಗಿದ್ದರೆ ಎಂಜಿನ್ ಒಮ್ಮೆ ಕುಲುಕಿ ನಿಂತುಹೋಗಬೇಕು. ಇದು ನಿಲ್ಲಲಿಲ್ಲ. ಕಾಲು ಪೂರ್ತಿ ತೆಗೆದರೂ ಕೂಗುತ್ತಲೇ ಇತ್ತು. ಸುಟ್ಟ ವಾಸನೆ ಬಂತು.

ಕ್ಲಚ್ ಪ್ಲೇಟು ಸವೆದು ಜಾರುತ್ತಿದೆ. ಈ ಕಾರು ಏರುರಸ್ತೆಯನ್ನು ಅರ್ಧವೂ ಹತ್ತಲಾರದು. ನಿರಾಳವಾಯಿತು.

ಇಳಿಯುವಾಗ ತೆರೆದಿದ್ದ ಬಾನೆಟ್ಟಿನೊಳಗೆ ಕಣ್ಣು ಹೋಯಿತು. ಎಂಜಿನ್ನಿನ ಮೇಲೆಲ್ಲ ಹದಿನಾಲ್ಕು ವರ್ಷದ ಜಿಡ್ಡು. ಗೇರ್ ಬಾಕ್ಸನ್ನು ಎಂಜಿನ್ನಿಗೆ ಕಚ್ಚಿಸುವ ಬೋಲ್ಟುಗಳ ತಲೆ ಮಾತ್ರ ಹೊಳೆಯುತ್ತಿತ್ತು.

ಒಂದು ಗಳಿಗೆ ನೋಡಿದೆ. ಅಣ್ಣ ನಾನು ನೋಡುವುದನ್ನು ನೋಡಿದ. ಒರೆಸಿರಬಹುದು ಎಂದುಕೊಂಡೆ. ಹಾಗೆಂದುಕೊಂಡೇ ಬಾನೆಟ್ ಮುಚ್ಚಿದೆ.

ಹೊರಬರುವಾಗ ಎದುರಿನ ಟೈರ್ ಅಂಗಡಿಯವನು, "ಏನ್ ಮೇಡಂ, ನಿಮ್ಮಣ್ಣ ಮಧ್ಯಾಹ್ನದವರೆಗೂ ಶಟರ್ ಎಳ್ಕೊಂಡಿದ್ರು, ಹುಷಾರಿಲ್ವಾ?" ಎಂದ. ಅದನ್ನೂ ಕೇಳದವಳಂತೆ ಜೀಪು ಹತ್ತಿದೆ.

*

ಐದು ಗಂಟೆಗೆ ಮೌನಿಯನ್ನು ಹಿಡಿದೆ. ಮನೆಯಲ್ಲಿ ಅಲ್ಲ, ಸ್ಟ್ಯಾಂಡಿನಲ್ಲೂ ಅಲ್ಲ. ಮಗಳು ಕೆಲಸ ಮಾಡುವ ಬಟ್ಟೆ ಅಂಗಡಿಗೆ ಅವಳನ್ನು ಕರೆದೊಯ್ಯಲು ಬಂದಿದ್ದ. ಗಿರಾಕಿಗಳ ಎದುರೇ ತೋಳು ಹಿಡಿದೆ. ಮಗಳು ಕೌಂಟರಿನ ಹಿಂದೆ ಬಟ್ಟೆಯ ಥಾನು ಹಿಡಿದು ನಿಂತಿದ್ದಳು.

"ಅಪ್ಪ ಏನು ಮಾಡಿದ್ದಾರೆ?"

"ಇಸ್ತ್ರಿಯವನಿಗೆ ಗುದ್ದಿ ಓಡಿಹೋಗಿದ್ದಾನೆ," ಎಂದೆ. ದನಿ ಇನ್ನಷ್ಟು ತಗ್ಗಿಸಬಹುದಿತ್ತು.

ಠಾಣೆಯಲ್ಲಿ ಮೌನಿ ಎರಡು ಗಂಟೆ ಬಾಯಿ ಬಿಡಲಿಲ್ಲ. ಕೊನೆಗೆ ಇನ್ಸ್‌ಪೆಕ್ಟರ್ ಸಾಹೇಬರು, ವಿಚಾರಣೆಗೆ ಕರೆಸಿದ್ದ ಟ್ಯಾಕ್ಸಿ ಮಾಲೀಕ, ಪೇದೆ, ಎಲ್ಲರ ಎದುರು ಜೇಬಿನಿಂದ ಒಂದು ಚೀಟಿ ತೆಗೆದ. ಕಣ್ಣಾಸ್ಪತ್ರೆಯದು. ಅಂದಿನ ತಾರೀಖು, ಬೆಳಗ್ಗೆ ಆರೂಮುಕ್ಕಾಲು. ಆಸ್ಪತ್ರೆಗೆ ಫೋನು ಮಾಡಿದೆ. ಏಳರಿಂದ ಎಂಟರವರೆಗೆ ಅವನು ಡಾಕ್ಟರ ಮುಂದೆಯೇ ಇದ್ದ.

"ಯಾಕೋ ಹೇಳ್ಲಿಲ್ಲ?" ಎಂದರು ಸಾಹೇಬರು.

"ಎರಡೂ ಕಣ್ಣು ಮಂಜು ಸಾರ್. ಗೊತ್ತಾದ್ರೆ ಗಾಡಿ ಕೊಡ್ತಾರಾ?"

ಮಾಲೀಕ ಎದ್ದು ಬಂದ. ಕೈ ಚಾಚಿದ. ಮೌನಿ ಕಾರಿನ ಕೀಲಿಕೈಯನ್ನು ಆ ಕೈಯಲ್ಲಿಟ್ಟ.

ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೆ ಅನ್ನಿಸಿತು. ಅದು ನುಂಗಲಿಲ್ಲ. ನಾನು ರಿಜಿಸ್ಟರ್ ನೋಡುತ್ತ ಕೂತೆ.

*

ಮರುದಿನ ಬೆಳಗ್ಗೆ ಇಸ್ತ್ರಿಯವನಿಗೆ ಎಚ್ಚರವಾಯಿತು. ಕಾಲಿಗೆ ತೂಕ ಕಟ್ಟಿದ್ದರು.

"ನಿಮ್ಮ ಯೂನಿಫಾರಂ ಹಾಳಾಯ್ತಾ ಮೇಡಂ?"

"ಅದು ಬಿಡಿ. ಕಾರು ಎಷ್ಟು ಜೋರಾಗಿ ಬಂತು?"

"ಬರಲಿಲ್ಲ ಮೇಡಂ. ನಿಂತಿತ್ತು."

"ನಿಂತಿತ್ತಾ?"

"ಏರಿನ ನಡುಮಧ್ಯೆ ನಿಂತಿತ್ತು. ಕೆಟ್ಟಿರಬೇಕು ಅಂತ ಸೈಕಲ್ ತಳ್ಕೊಂಡು ಅದರ ಮುಂದಿಂದಲೇ ದಾಟಿದೆ. ನಿಂತ ಗಾಡಿ ತಟಕ್ಕನೆ ಎಗರಿಬಿಡ್ತು. ಯಾಕೆ ಮೇಡಂ ಎಗರಿತು?"

ಯಾಕೆಂದು ನನಗೆ ಗೊತ್ತಿತ್ತು.

ಕಡಿದಾದ ಏರಿನ ನಡುವೆ ಕಾರನ್ನು ಯಾರೂ ಸುಮ್ಮನೆ ನಿಲ್ಲಿಸುವುದಿಲ್ಲ. ಒಬ್ಬನು ನಿಲ್ಲಿಸುತ್ತಾನೆ. ಹೊಸ ಕ್ಲಚ್ ಹಾಕಿದಮೇಲೆ ಏರಿನ ಮಧ್ಯೆ ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸಿ, ಮತ್ತೆ ಅಲ್ಲಿಂದಲೇ ಎತ್ತಿ ನೋಡದೆ ಗಿರಾಕಿಗೆ ಕಾರು ಕೊಡದವನು. ಚಿಕ್ಕಂದಿನಲ್ಲಿ ಎಷ್ಟೋ ಸಲ ಆ ಏರಿನಲ್ಲಿ ಪಕ್ಕದ ಸೀಟಿನಲ್ಲಿ ಕೂತು ಕೇಕೆ ಹಾಕಿದವಳು ನಾನೇ.

*

"ಗೇರ್ ಬಾಕ್ಸ್ ಇಳಿಸು," ಎಂದೆ.

ಪೇದೆ ಬಾಗಿಲಲ್ಲಿ ನಿಂತಿದ್ದ. ಅಣ್ಣ ನನ್ನ ಮುಖ ನೋಡಿದ.

"ಸಾಮಾನು ಬರಲಿ, ಪುಟ್ಟಿ."

"ಈಗ. ಇಲ್ಲಾಂದ್ರೆ ಬೇರೆ ಮೆಕ್ಯಾನಿಕ್ ಕರೆಸ್ತೀನಿ."

ಅವನು ಕಾರನ್ನು ಜಾಕಿನ ಮೇಲೆ ಎತ್ತಿದ. ನಾನು ಲೈಟು ಹಿಡಿದೆ. ಹದಿನಾಲ್ಕು ವರ್ಷ ಕೂತ ಬೋಲ್ಟು ಅಳುತ್ತ ಬಿಚ್ಚಿಕೊಳ್ಳಬೇಕು. ಇವು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಬಂದವು. ಗೇರ್ ಬಾಕ್ಸ್ ಕೆಳಗಿಳಿಯಿತು. ಕ್ಲಚ್ಚಿನ ಮುಚ್ಚಳದಂಥ ಪ್ರೆಷರ್ ಪ್ಲೇಟು ಕಾಣಿಸಿತು. ಅದನ್ನು ಬಿಗಿದ ಬೋಲ್ಟುಗಳು ಆರು.

ಆರರ ತಲೆಯ ಮೇಲೂ ಒಂದೊಂದು ಹಳದಿ ಚುಕ್ಕೆ.

ಅಣ್ಣನ ಪದ್ಧತಿ ಅದು. ಕೊನೆಯ ಸುತ್ತು ಬಿಗಿದ ಬೋಲ್ಟಿಗೆ ಹಳದಿ ಬಣ್ಣದ ಚುಕ್ಕೆ ಇಡದೆ ಕೈ ತೆಗೆಯುವುದಿಲ್ಲ. ಚುಕ್ಕೆಯಿಲ್ಲದ ಬೋಲ್ಟು ಅವನ ಪಾಲಿಗೆ ಬಿಗಿಯದ ಬೋಲ್ಟು. ಉಗುರಿನಿಂದ ಕೆರೆದೆ. ಬಣ್ಣ ಇನ್ನೂ ಮೆತ್ತಗಿತ್ತು.

"ಯಾರೂ ಮುಟ್ಟಿಲ್ಲ ಅಂದೆ."

ಅವನು ಸ್ಪ್ಯಾನರ್ ಕೆಳಗಿಟ್ಟ.

ಉಳಿದದ್ದನ್ನು ನಾನೇ ಬಿಚ್ಚಿದೆ. ಒಳಗಿನ ಕ್ಲಚ್ ಪ್ಲೇಟು ಸವೆದು ರಿವಿಟ್ಟಿನ ಮಟ್ಟಕ್ಕೆ ಬಂದಿತ್ತು, ಅಂಚೆಲ್ಲ ಕರಕಲು. ಆದರೆ ಅದು ಉಜ್ಜುವ ಫ್ಲೈವೀಲ್ ಎಂಬ ಉಕ್ಕಿನ ಚಕ್ರದ ಮೇಲೆ ಎಮರಿ ಕಾಗದ ತಿಕ್ಕಿದ ಹೊಸ ಗೆರೆಗಳು. ಹೊಸ ಪ್ಲೇಟು ಕೂರಿಸುವವನು ಮಾತ್ರ ಹಾಗೆ ತಿಕ್ಕುತ್ತಾನೆ. ಗೇರ್ ಬಾಕ್ಸಿನ ದಂಡಕ್ಕೆ ಹೊಸ ಗ್ರೀಸು. ಬೆಂಚಿನ ಕೆಳಗಿನ ಚಿಂದಿಬಟ್ಟೆಯ ಡಬ್ಬದಲ್ಲಿ ಕೈ ಹಾಕಿದೆ. ಹೊಸ ಪ್ಲೇಟು ಸಿಕ್ಕಿತು. ಒಂದೇ ಒಂದು ಏರು ಹತ್ತಿದ ಗುರುತು ಅದರ ಮೇಲಿತ್ತು.

"ಮೊನ್ನೆ ಸಂಜೆಗೇ ಹೊಸದು ಹಾಕಿ ಮುಗಿಸಿದ್ದೆ," ಎಂದ ಅಣ್ಣ. "ನಿನ್ನೆ ಬೆಳಗ್ಗೆ ಏರಿಗೆ ತಗೊಂಡು ಹೋದೆ. ಹೊಸ ಕ್ಲಚ್ಚು, ಎಲ್ಲಿ ಹಿಡಿಯುತ್ತೆ ಅಂತ ಕಾಲಿಗಿನ್ನೂ ಗೊತ್ತಾಗಿರಲಿಲ್ಲ. ನಾನು ಪೆಡಲ್ ನೋಡ್ತಿದ್ದೆ, ಪುಟ್ಟಿ. ರಸ್ತೆ ನೋಡಲಿಲ್ಲ."

"ಆಮೇಲೆ?"

"ಸತ್ತೇ ಹೋದ ಅಂದ್ಕೊಂಡೆ. ಓಡಿ ಬಂದೆ. ಶಟರ್ ಎಳೆದು ಹಳೇ ಪ್ಲೇಟ್ ವಾಪಸ್ ಹಾಕಿದೆ. ನಾಲ್ಕು ಗಂಟೆ ಕೆಲಸ. ಏರು ಹತ್ತದ ಗಾಡಿ ಮೇಲೆ ಯಾರು ಅನುಮಾನ ಪಡ್ತಾರೆ?"

"ಸುಳ್ಳಿಗೆ ಹಾಕಿದ ಪ್ಲೇಟಿಗೂ ಚುಕ್ಕೆ ಇಟ್ಟಿದ್ದೀಯಲ್ಲ."

"ಇಟ್ಟೆನಾ?" ಅವನು ಬಗ್ಗಿ ನೋಡಿದ. ಅವನಿಗೆ ನಿಜಕ್ಕೂ ಗೊತ್ತಿರಲಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು.

"ನಿನಗೋಸ್ಕರ ಮಾಡಿದೆ," ಎಂದ ಮೆಲ್ಲಗೆ. "ನೀನು ಬಂದು ಮೂರು ತಿಂಗಳು. ಪೊಲೀಸಿನವಳ ಅಣ್ಣನೇ ಹೀಗೆ ಅಂತ ಜನ ಆಡ್ಕೊಳ್ಳಲ್ವಾ?"

"ಅದನ್ನ ನನ್ನ ತಲೆಗೆ ಕಟ್ಟಬೇಡ ಅಣ್ಣ. ಮೌನಿಯನ್ನ ಹಿಡಿದಾಗಲೂ ಸುಮ್ಮನಿದ್ದೆಯಲ್ಲ, ಅದೂ ನನಗೋಸ್ಕರಾನಾ?"

ಅವನು ಕೈ ಒರೆಸಿಕೊಂಡ. ಎಷ್ಟು ಒರೆಸಿದರೂ ನಿಲ್ಲಿಸಲಿಲ್ಲ. ನನ್ನನ್ನು ಓದಿಸಿದ ಕೈಗಳವು. ನನಗೆ ಅವನ ಬಗ್ಗೆ ನಾಚಿಕೆಯಾಯಿತು. ನನ್ನ ಬಗ್ಗೆ ಅದಕ್ಕಿಂತ ಹೆಚ್ಚು.

*

ಇನ್ಸ್‌ಪೆಕ್ಟರ್ ಸಾಹೇಬರಿಗೆ ಎಲ್ಲ ವಿವರಿಸಿದೆ. ನಿಂತಲ್ಲಿಂದ ಎಗರಿದ ಕಾರು, ಮುಚ್ಚಿದ ಶಟರ್, ಚುಕ್ಕೆ, ಎಮರಿ ಗೆರೆ, ಡಬ್ಬದ ಪ್ಲೇಟು. ಕೇಸನ್ನು ಅವರೇ ತೆಗೆದುಕೊಂಡರು. ಅಣ್ಣ ಒಳಗಿನ ಕೋಣೆಯಲ್ಲಿ ಹೇಳಿಕೆ ಬರೆಸುತ್ತಿದ್ದ.

"ಒಳ್ಳೆ ಕೆಲಸ ಮಾಡಿದೆಯಮ್ಮ. ಸ್ವಂತ ಅಣ್ಣ ಅಂತಲೂ ನೋಡಲಿಲ್ಲ."

"ನೋಡಿದೆ ಸರ್." ನನ್ನ ಹೇಳಿಕೆಯ ಎರಡು ಪ್ರತಿ ಅವರ ಮುಂದಿಟ್ಟೆ. "ಮೊದಲ ದಿನವೇ ಬೋಲ್ಟು ಹೊಳೀತಿದ್ದಿದ್ದನ್ನ ಕಂಡೆ. ಶಟರ್ ಮುಚ್ಚಿದ ವಿಷಯವೂ ಕಿವಿಗೆ ಬಿತ್ತು. ಕಂಡೂ ಕಾಣದ ಹಾಗೆ ಹೋಗಿ ಮೌನಿಯನ್ನ ಹಿಡಿದೆ. ಎಲ್ಲ ಬರೆದಿದ್ದೀನಿ."

ಅವರು ಓದಿದರು. ಕನ್ನಡಕ ತೆಗೆದರು. "ಇದು ಕೇಸಿಗೆ ಬೇಕಿಲ್ಲ. ನಿನ್ನ ನೌಕರಿಗೆ ಕುತ್ತು. ಹರಿದುಹಾಕು."

"ಮೌನಿಗೆ ಬೇಕು ಸರ್."

ಒಂದು ಪ್ರತಿ ಅವರ ಮೇಜಿನ ಮೇಲೇ ಬಿಟ್ಟೆ. ಇನ್ನೊಂದನ್ನು ತೆಗೆದುಕೊಂಡು ಮೌನಿಯ ಮನೆಗೆ ನಡೆದೇ ಹೋದೆ. ಅವನು ಮೆಟ್ಟಿಲ ಮೇಲೆ ಕೂತಿದ್ದ. ಕಾಗದ ಕೊಟ್ಟೆ. ಕಣ್ಣಿನ ಹತ್ತಿರ ಹಿಡಿದ, ದೂರ ಹಿಡಿದ, ವಾಪಸು ಕೊಟ್ಟ.

"ಕಾಣಲ್ಲ ಮೇಡಂ."

ನಿಂತುಕೊಂಡೇ ಓದಿದೆ. 'ನನ್ನ ಅಣ್ಣನನ್ನು ಉಳಿಸುವ ಆಸೆಯಿಂದ ನಿರಪರಾಧಿಯೊಬ್ಬನನ್ನು' ಎಂಬಲ್ಲಿ ಒಮ್ಮೆ ನಿಲ್ಲಿಸಿದೆ. ಆದರೂ ಮುಗಿಸಿದೆ. "ತಪ್ಪಾಯ್ತು," ಎಂದೆ.

ಮೌನಿ ಮೆಟ್ಟಿಲಿನಿಂದ ಎದ್ದು ನಿಂತ.

"ನನಗೆ ಗೊತ್ತಿತ್ತಲ್ಲ ಮೇಡಂ, ನಾನು ಮಾಡಿಲ್ಲ ಅಂತ. ನನಗೆ ಯಾಕೆ ಓದ್ತೀರಿ?" ಎಂದ. "ನನ್ನ ಮಗಳಿಗೆ ಓದಿ. ಅಲ್ಲೇ, ಆ ಅಂಗಡೀಲೇ ಓದಿ."

ಬಟ್ಟೆ ಅಂಗಡಿಯಲ್ಲಿ ಸಂಜೆಯ ಗಿರಾಕಿಗಳು ತುಂಬಿದ್ದರು. ನನ್ನನ್ನು ಕಂಡು ಮಗಳ ಕೈಯ ಕತ್ತರಿ ನಿಂತಿತು. ಕೌಂಟರಿನ ಮುಂದೆ ಹೋಗಿ ನಿಂತೆ. ಟೋಪಿ ತೆಗೆದೆ. ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ ಮೊದಲ ಸಾಲಿನಿಂದ ಓದತೊಡಗಿದೆ.