ಸತ್ತವಳ ಸಂಬಳ

ಆಗಸ್ಟ್ ಹನ್ನೆರಡರ ಬೆಳಿಗ್ಗೆ ಪಾಮರ್ಸ್ಟನ್ ನಾರ್ತ್ ಪೊಲೀಸ್ ಠಾಣೆಗೆ ವಿದ್ಯಾರ್ಥಿ ಸಾಲದ ಕಚೇರಿಯಿಂದ ದೂರು ಬಂತು. ಸಾಲಗಾರ್ತಿ ತೀರಿಕೊಂಡಳೆಂದು ಹೋದ ವರ್ಷ ಜೋಯಾ ಹನೀಫ್ ಎಂಬವಳ ಸಾಲ ರದ್ದಾಗಿತ್ತು. ಆದರೆ ಅವಳ ತೆರಿಗೆ ಸಂಖ್ಯೆಗೆ ವೃದ್ಧಾಶ್ರಮವೊಂದರಿಂದ ನರ್ಸಿನ ಸಂಬಳ ಇನ್ನೂ ಬರುತ್ತಿತ್ತು.

"ಸತ್ತ ಮೇಲೂ ಟ್ಯಾಕ್ಸ್ ಕಟ್ತಾವ್ಳೆ ಮೇಡಂ. ಇಂಥ ಪ್ರಜೆ ಎಲ್ಲಿ ಸಿಗ್ತಾಳೆ?" ಎಂದ ಕಾನ್‌ಸ್ಟೇಬಲ್ ಅನೂಪ್.

ಡಿಟೆಕ್ಟಿವ್ ಲೀಲಾ ನಗಲಿಲ್ಲ. ಯಾರೋ ಸತ್ತವಳ ಹೆಸರು ಕದ್ದಿರಬೇಕು ಅಂದುಕೊಂಡೇ ಕಾರು ಹತ್ತಿದಳು. ವೃದ್ಧಾಶ್ರಮದಲ್ಲಿ ಮುದುಕನೊಬ್ಬನಿಗೆ ಸೂಪು ಕುಡಿಸುತ್ತಿದ್ದ ಹುಡುಗಿ ಚಮಚ ಕೆಳಗಿಟ್ಟು ಗುರುತಿನ ಚೀಟಿ ತೋರಿಸಿದಳು. ಪಾಸ್‌ಪೋರ್ಟಿನ ಫೋಟೊಗೂ ಮುಖಕ್ಕೂ ತಾಳೆಯಾಯಿತು. ಯಾರೂ ಹೆಸರು ಕದ್ದಿರಲಿಲ್ಲ. ಸತ್ತವಳು ಎದುರಿಗೇ ನಿಂತಿದ್ದಳು.

"ಸಂಬಳದಿಂದ ಸಾಲದ ಕಡಿತ ನಿಂತದ್ದು ಗೊತ್ತಿರಲಿಲ್ವಾ?"

"ಗೊತ್ತಿತ್ತು ಆಂಟಿ. ಸಂಬಳ ಹಾಕೋ ಪೇರೋಲ್‌ನವ್ರು, ಸಾಲದ ಆಫೀಸಿಂದಾನೇ ನಿಲ್ಸಿದಾರೆ ಅಂದ್ರು. ಸುಮ್ನಾದೆ."

"ಆಂಟಿ ಅಲ್ಲ, ಡಿಟೆಕ್ಟಿವ್."

ಮಧ್ಯಾಹ್ನ ತಪ್ಪಿನ ಬುಡ ಸಿಕ್ಕಿತು. ಬಿಟ್ಟುಬಂದ ಊರಿನ ರೂಢಿಯಂತೆ ಜೋಯಾಳ ಹೆಸರಿಗೆ ಅಪ್ಪನ ಹೆಸರು ಸೇರಿತ್ತು. ಹನೀಫ್ ತೀರಿಕೊಂಡಾಗ ಕಚೇರಿಯವರು ಆ ಸಾವನ್ನು ಮಗಳ ಖಾತೆಗೆ ಹಾಕಿಬಿಟ್ಟಿದ್ದರು. ಅಷ್ಟೇ ಆಗಿದ್ದರೆ ಕೇಸೇ ಇಲ್ಲ, ಸಾಲ ಮತ್ತೆ ಹೆಗಲೇರುತ್ತಿತ್ತು. ಆದರೆ ಖಚಿತ ಮಾಡಿಕೊಳ್ಳಲು ಅವರು ಮನೆಗೆ ಫೋನು ಮಾಡಿದ್ದರು, ಮಾತು ರೆಕಾರ್ಡ್ ಆಗಿತ್ತು.

ಸಂಜೆ ಠಾಣೆಯಲ್ಲಿ ಲೀಲಾ ಅದನ್ನು ಜೋಯಾ ಮತ್ತು ಅವಳ ತಾಯಿ ನಜೀರಾಳ ಮುಂದೆ ಕೇಳಿಸಿದಳು. ಜೋಯಾ ಹನೀಫ್ ತೀರಿಕೊಂಡದ್ದು ನಿಜವೇ ಎಂದು ಗಂಡಸೊಬ್ಬ ಕೇಳುತ್ತಾನೆ. ಆಮೇಲೆ ಹೆಣ್ಣುದನಿ, "ಯೆಸ್." ಅದರ ಬೆನ್ನಿಗೇ, ದೇವರ ಕ್ಷಮೆ ಬೇಡುವಂತೆ ಬಾಯೊಳಗೆ, "ತೌಬಾ, ತೌಬಾ."

"ಅದು ನಾನು," ಎಂದಳು ಜೋಯಾ ಥಟ್ಟನೆ.

"ಆ ಹೊತ್ತಲ್ಲಿ ನೀನು ಡ್ಯೂಟೀಲಿದ್ದೆ. ವಿಚಾರಿಸಿದೀನಿ."

"ಸುಮ್ನಿರು ಜೋಯಾ," ನಜೀರಾ ಮಗಳ ಕೈ ಅದುಮಿದಳು. "ನೀ ಒಪ್ಕೊಂಡ್ರ ನಿನ್ನ ನರ್ಸ್ ಲೈಸನ್ಸ್ ಹೊಕ್ಕೈತಿ. ನಾನ ಅಂದದ್ದು ಮೇಡಂ. ಎಫ್‌ಐಆರ್ ಹಾಕ್ರಿ."

"ಇಲ್ಲಿ ಚಾರ್ಜ್ ಅಂತಾರೆ ಆಂಟಿ. ಯಾಕೆ ಹಾಗಂದ್ರಿ?"

"ಮಣ್ಣು ಮಾಡೋ ದಿನ ಜನಾಜಾ ಮುಂದಿಟ್ಕೊಂಡು ಇಮಾಮ್ ಸಾಹೇಬ್ರು ಕೇಳಿದ್ರು, ಹನೀಫನ ಸಾಲ ಯಾರು ಹೊರ್ತೀರಿ ಅಂತ. ನಮ್ಮನಿಯವರ ತಮ್ಮಂದಿರು ಇಬ್ರೂ ನೆಲಾ ನೋಡಿದ್ರು. ಹೆಣ್ಮಕ್ಕಳ ಸಾಲಿನಿಂದ ಈಕಿ 'ನಾನು' ಅಂದ್ಳು. ಅವತ್ತಿನಿಂದ ಎರಡೆರಡು ಶಿಫ್ಟ್ ಮಾಡಾಕತ್ತಾಳ. ಈಕಿ ಸ್ವಂತ ಸಾಲಾನಾದ್ರೂ ಇಳೀಲಿ ಅಂತ..."

"ಅದಕ್ಕೆ ಮಗಳು ಸತ್ತಳು ಅಂದ್ರಾ?"

"ಬದುಕಿರಾಕಿ ಭಾರ ಯಾರು ಇಳಸ್ತಾರ್ರಿ?"

ಸಂಜೆ ಐದೂ ನಲವತ್ತಕ್ಕೆ ವಂಚನೆಯ ಆರೋಪದ ಮೇಲೆ ನಜೀರಾಳನ್ನು ಬಂಧಿಸಲಾಯಿತು. ಸಾಲ ಪೂರ್ತಿ ಮರಳುತ್ತದೆ, ಒಂದು ವರ್ಷದ ಕಡಿತವನ್ನೂ ಅದರ ದಂಡವನ್ನೂ ಜೋಯಾಳೇ ಕಟ್ಟಬೇಕಾಗಬಹುದು ಎಂದು ಲೀಲಾ ವಿವರಿಸಿದಳು. ಜೋಯಾ ತಲೆಯಾಡಿಸಿದಳು. ವರದಿಯಲ್ಲಿ ಅಪರಾಧದ ಉದ್ದೇಶ ಬರೆಯುವಲ್ಲಿಗೆ ಬಂದಾಗ, 'ತನಗಾಗಿ ಏನೂ ಪಡೆದಿಲ್ಲ' ಎಂದಷ್ಟೇ ಬರೆದಳು ಲೀಲಾ.

ಬಾಗಿಲಾಚೆ ಜೋಯಾ ವಕೀಲರೊಡನೆ ಫೋನಿನಲ್ಲಿದ್ದಳು. ಅಮ್ಮನ ಕೇಸಿನ ಫೀಸನ್ನು ಕಂತಿನಲ್ಲಿ ಕೊಡಬಹುದೇ ಎಂದು ಕೇಳುತ್ತಿದ್ದಳು.